ಬೀಗದ ಮಾವ ಮತ್ತು ನನ್ನ ಪತ್ತೇದಾರ

ನಮ್ಮ ಸೋದರಮಾವನಿಗೆ ಬೀಗ ರಿಪೇರಿಯ ಅಂಗಡಿ. ಅಂಗಡಿ ಎಂದರೆ ಎರಡು ಮಳಿಗೆಗಳ ನಡುವಿನ ಸಂದಿಗೆ ತಗಡು ಹೊದಿಸಿದ್ದು. ಇಬ್ಬರು ನಿಂತರೆ ಮೂರನೆಯವರು ಬೀದಿಯಲ್ಲೇ. ಮೇಜಿನ ಮೇಲೆ ಇಕ್ಕಳ, ಕೀಲಿ ಉಜ್ಜುವ ನಾಲ್ಕಾರು ಅರ, ಹಿಂದಿನ ಗೋಡೆಯ ಮೊಳೆಗಳಲ್ಲಿ ಇನ್ನೂ ಹಲ್ಲು ಕಡಿಯದ ಕೀಲಿಗಳ ಗೊಂಚಲು. ಮೇಜಿನ ಕೆಳಗೊಂದು ರಟ್ಟಿನ ಪೆಟ್ಟಿಗೆ. ಅದರ ತುಂಬ ಪತ್ತೇದಾರಿ ಕಾದಂಬರಿಗಳು.

ಗಿರಾಕಿ ಇಲ್ಲದಾಗ ಮಾವ ಓದುತ್ತಾರೆ. ಓದಿ ಮುಗಿಸಿದ ಮೇಲೆ ಕೊನೆಯ ಹಾಳೆಯ ಹಿಂದೆ ಪೆನ್ಸಿಲಿನಲ್ಲಿ ತಪ್ಪುಗಳನ್ನು ಬರೆದಿಡುತ್ತಾರೆ. ‘ಆರು ಗುಂಡಿನ ಪಿಸ್ತೂಲಿನಲ್ಲಿ ಒಂಬತ್ತು ಸಲ ಹೊಡೆದ.’ ‘ಎಡಗೈ ಮುರಿದವನು ಮರುಪುಟದಲ್ಲೇ ಪೈಪು ಹಿಡಿದು ಮೂರನೇ ಮಹಡಿ ಹತ್ತಿದ.’ ಒಂದು ಪುಸ್ತಕಕ್ಕಾದರೂ ‘ಚೆನ್ನಾಗಿದೆ’ ಎಂದು ಬರೆದದ್ದನ್ನು ನಾನು ಕಂಡಿಲ್ಲ. ಕೆಲಸದಲ್ಲೂ ಹಾಗೇ, ಒಂದು ಕೂದಲೆಳೆ ಹೆಚ್ಚುಕಮ್ಮಿಯಾದರೆ ಸಹಿಸರು. ಮೂವತ್ತು ವರ್ಷದಲ್ಲಿ ತಮ್ಮ ಕೈಯಲ್ಲಿ ಒಂದು ಕೀಲಿಯೂ ಕೆಟ್ಟಿಲ್ಲ ಎಂಬುದೊಂದೇ ಅವರ ಜಂಬ. ಅದನ್ನು ಕೇಳಿ ಕೇಳಿ ನಮ್ಮತ್ತೆಯ ಕಿವಿ ತೂತುಬಿದ್ದಿದೆ.

ಇಂಥವರ ಕೈಗೆ ನಾನು ನನ್ನ ಮೊದಲ ಪತ್ತೇದಾರಿ ಕಾದಂಬರಿಯ ಹಸ್ತಪ್ರತಿ ಕೊಟ್ಟೆ. ಬುದ್ಧಿ ನೆಟ್ಟಗಿದ್ದವರು ಮಾಡುವ ಕೆಲಸವಲ್ಲ. ಆದರೆ ಎರಡು ವರ್ಷ ಕೂತು ಬರೆದದ್ದು ನಾಲ್ಕು ಪ್ರಕಾಶಕರಿಂದ ವಾಪಸು ಬಂದಿತ್ತು, ಒಬ್ಬರೂ ಕಾರಣ ಹೇಳಿರಲಿಲ್ಲ. ಮಾವನೂ ಬೇಡವೆಂದರೆ ಬರೆಯುವುದನ್ನೇ ಬಿಟ್ಟುಬಿಡುವುದೆಂದು ತೀರ್ಮಾನಿಸಿದ್ದೆ. ಹಾಗಂತ ಅವರಿಗೂ ಹೇಳಿದೆ. ಅವರು ‘ಹೂಂ’ ಎಂದು ಕಟ್ಟನ್ನು ಪೆಟ್ಟಿಗೆಗೆ ಹಾಕಿಕೊಂಡರು.

ಒಂದು ವಾರ ಸುದ್ದಿಯೇ ಇಲ್ಲ. ಎಂಟನೆಯ ದಿನ ನಾನೇ ಹೋದೆ. ಕೊನೆಯ ಹಾಳೆ ಪೆನ್ಸಿಲಿನ ಗೀಚಿನಿಂದ ಕಪ್ಪಗಾಗಿತ್ತು. ಮಾವ ಕನ್ನಡಕ ಏರಿಸಿಕೊಂಡು ಒಂದೊಂದಾಗಿ ಓದಿದರು. ನನ್ನ ಪತ್ತೇದಾರ ಮೂರು ದಿನ ಊರೆಲ್ಲ ಓಡುತ್ತಾನೆ, ಒಂದು ಸಲವೂ ಅವನಿಗೆ ಹಸಿವಾಗುವುದಿಲ್ಲ. ಕೊಲೆಗಾರ ಪಿಸ್ತೂಲು ಗುರಿಯಿಟ್ಟುಕೊಂಡು ನಾಲ್ಕು ಪುಟ ತನ್ನ ಪುರಾಣ ಬಿಚ್ಚುತ್ತಾನೆ. ಅಷ್ಟರಲ್ಲಿ ಹೊಡೆದು ಮುಗಿಸಿ ಮನೆಗೆ ಹೋಗಬಹುದಿತ್ತು. ಡಾಕ್ಟರಮ್ಮ ಕಥೆಯೊಳಗೆ ಬಂದಿರುವುದೇ ಯಾರಾದರೂ ಹೊತ್ತುಕೊಂಡು ಹೋಗಲಿ ಎಂದು. ಹೆಣ್ಣಾಗಿ ನಾನೇ ಇದನ್ನು ಬರೆದೆನಲ್ಲ ಎಂದು ನಾಚಿಕೆಯಾಯಿತು. ಕೊನೆಗೆ ಅವರು ಹೇರ್‌ಪಿನ್ನಿಗೆ ಬಂದರು.

“ನಿನ್ನ ಪತ್ತೇದಾರ ಹೇರ್‌ಪಿನ್ನಲ್ಲಿ ಅರ್ಧ ನಿಮಿಷಕ್ಕೆ ಬೀಗ ತೆಗೀತಾನಲ್ಲ, ಎಲ್ಲಿ ಕಲಿತ? ಬರೆಯೋವಾಗ ನಿನ್ನ ಮಾವನ ಕಸುಬು ಏನು ಅಂತಾದ್ರೂ ನೆನಪಾಗ್ಲಿಲ್ವಾ?”

ನನ್ನ ಮುಖ ಸಪ್ಪಗಾಯಿತು. ಸಿಟ್ಟೂ ಬಂತು. ಕಟ್ಟು ಕಿತ್ತುಕೊಂಡು ಹೊರಟುಬಿಡೋಣ ಅನ್ನಿಸಿತು. ಆದರೆ ಕೇಳಿಯೇಬಿಟ್ಟೆ.

“ಚೆನ್ನಾಗಿರೋದು ಒಂದೂ ಇಲ್ವಾ, ಮಾವ?”

ಅವರು ಡ್ರಾಯರ್ ಎಳೆದು ಒಂದು ಹಿತ್ತಾಳೆ ಕೀಲಿಯನ್ನು ನನ್ನ ಅಂಗೈಗೆ ಹಾಕಿದರು. ಮೊದಲ ಎರಡು ಹಲ್ಲು ಅಚ್ಚುಕಟ್ಟಾಗಿದ್ದವು. ಮೂರನೆಯದು ಬುಡದವರೆಗೂ ಸವೆದುಹೋಗಿತ್ತು. ನನಗೆ ತಲೆಬುಡ ತಿಳಿಯಲಿಲ್ಲ.

“ಪಕ್ಕದ ಬೀದಿ ಟೈಲರಮ್ಮನ ಬೀರು ಕೀಲಿ,” ಎಂದರು. “ಮಂಗಳವಾರ ಅರ ಹಾಕ್ತಾ ಇದ್ದೆ, ನಿನ್ನ ಹಾಳೆ ತೊಡೆ ಮೇಲಿತ್ತು. ನಿನ್ನ ಪತ್ತೇದಾರನ್ನ ಮಾಳಿಗೆ ಮೇಲೆ ಅಟ್ಟಿಸ್ಕೊಂಡು ಹೋಗ್ತಾರಲ್ಲ, ಅಲ್ಲಿ. ಅವನು ಆ ಕಡೆ ನೆಗೀತಾನೋ ಇಲ್ವೋ ಅಂತ ನೋಡ್ತಾ ನೋಡ್ತಾ, ಕೈ ನಿಲ್ಲಿಸೋದೇ ಮರ್ತುಬಿಟ್ಟೆ.”

ಟೈಲರಮ್ಮನಿಗೆ ಬೇರೆ ಕೀಲಿ ಮಾಡಿಕೊಟ್ಟು, ಮಟಮಟ ಮಧ್ಯಾಹ್ನ ಅಂಗಡಿ ಬಾಗಿಲೆಳೆದುಕೊಂಡು ಉಳಿದದ್ದನ್ನು ಓದಿ ಮುಗಿಸಿದರಂತೆ. ಕೊಲೆಗಾರ ಯಾರೆಂದು ಇನ್ನೂರನೆಯ ಪುಟದವರೆಗೂ ತಮಗೆ ಹೊಳೆಯಲಿಲ್ಲವಂತೆ. ಇದನ್ನೆಲ್ಲ ಕಳ್ಳತನ ಒಪ್ಪಿಕೊಳ್ಳುವವರ ಹಾಗೆ ತಲೆ ತಗ್ಗಿಸಿ ಹೇಳಿದರು. ನನಗೆ ನಗುವೂ ಬಂತು, ಕಣ್ಣೂ ತುಂಬಿಬಂತು. ಆ ಕೀಲಿಯನ್ನು ನಾನಿಟ್ಟುಕೊಳ್ಳಲೇ ಎಂದು ಕೇಳಿದೆ. ಕೊಡಲಿಲ್ಲ, ಮತ್ತೆ ಡ್ರಾಯರಿಗೆ ಹಾಕಿ ಮುಚ್ಚಿದರು.

“ನಿಮ್ಮತ್ತೆಗೆ ಹೇಳ್ಬೇಡ.”

ಆಮೇಲೆ ಒಂದು ಹಳೆಯ ಬೀಗ ಮತ್ತು ಒಂದು ಹೇರ್‌ಪಿನ್ನನ್ನು ನನ್ನ ಮುಂದಿಟ್ಟು ಸ್ಟೂಲು ಎಳೆದರು. ಅರ್ಧ ನಿಮಿಷ ಕೊಡುತ್ತೇನೆ, ತೆಗೆ ನೋಡೋಣ ಎಂದರು. ನಾನು ಕೂತೆ. ಸಂಜೆಯಾಯಿತು, ಬೆರಳು ಕೆಂಪಾದವು, ಬೀಗ ಬಿಡಲಿಲ್ಲ. ಮಾವ ಅಂಗಡಿಯ ದೀಪ ಹಾಕಿದರು. ಹೇರ್‌ಪಿನ್ನಿನ ಆ ಅಧ್ಯಾಯವನ್ನು ಮತ್ತೆ ಬರೆಯುವುದು ಹೇಗೆಂದು ನಾನು ಯೋಚಿಸುತ್ತಿದ್ದೆ.