ಬಾಗಿಲಲ್ಲಿರುವ ಚಪ್ಪಲಿ

ಗುಡುಗು ಮೇಡಂ ಎಂಬ ಹೆಸರು ಇಟ್ಟವರು ಯಾವ ಮಕ್ಕಳೋ ಗೊತ್ತಿಲ್ಲ, ಸುಳ್ಳಂತೂ ಹೇಳಿರಲಿಲ್ಲ. ಒಂಬತ್ತನೇ ತರಗತಿಗೆ ಭಾಷೆ ಕಲಿಸುತ್ತಿದ್ದ ಆ ಹೆಂಗಸಿನ ಕೋಪ ಸದಾ ಮೂಗಿನ ತುದಿಯಲ್ಲೇ. "ಕೋಪಾನ ಸ್ಕೂಲಲ್ಲೇ ಬಿಟ್ಟು ಮನೆಗೆ ಬಾರೇ ಮಹರಾಯ್ತಿ," ಎಂದು ಗಂಡ ದಿನಾ ಗೋಗರೆಯುತ್ತಿದ್ದ.

ಮೇಡಂಗೆ ಎಲ್ಲಕ್ಕಿಂತ ಹೆಚ್ಚು ಮೈ ಉರಿಯುತ್ತಿದ್ದುದು ಗೈಡು ಕಂಡರೆ. ಕವಿ ಪಾಪ ಎಲ್ಲೋ ಬಸ್ಸಿಗೆ ಕಾಯುತ್ತ ಬದುಕಿಕೊಂಡಿರುತ್ತಾನೆ, ಗೈಡಿನವನು ಆಗಲೇ ಅವನ ಪದ್ಯದ ಮರಣೋತ್ತರ ಪರೀಕ್ಷೆ ಮುಗಿಸಿ ಸಾರಾಂಶ ಹಂಚಿಬಿಟ್ಟಿರುತ್ತಾನೆ! ಅದಕ್ಕೇ ಪದ್ಯದ ದಿನ ಮೇಡಂ ಎಲ್ಲ ಪುಸ್ತಕ ಮುಚ್ಚಿಸುತ್ತಿದ್ದರು. ತಾವೇ ಒಮ್ಮೆ ಓದಿ, ಸುಮ್ಮನಿದ್ದು, ಮತ್ತೆ ಓದುತ್ತಿದ್ದರು. ಆಮೇಲೆ ಕೇಳುತ್ತಿದ್ದುದು ಇಷ್ಟೇ: "ಎಲ್ಲಿ ಚುಚ್ಚಿತು?"

ಆ ದಿನ ಕೊನೇ ಪಿರಿಯಡ್ಡಿಗೆ ಪಾಠ ನೋಡಲು ಹೆಡ್‌ಮೇಷ್ಟ್ರು ಬಂದು ಹಿಂದೆ ಕೂತಿದ್ದರು. ಪದ್ಯ ಈಚಿನದು, ಪುಟ್ಟದು. ಅದು ಶುರುವಾಗುವುದು ಹೀಗೆ:

ಅಪ್ಪನ ಚಪ್ಪಲಿ ಬಾಗಿಲಲ್ಲಿದೆ,
ನಾವೆಲ್ಲ ಮೆಲ್ಲಗೆ ಮಾತಾಡುತ್ತೇವೆ.

ಎದ್ದು ನಿಂತವಳು ಕಿಟಕಿ ಪಕ್ಕದ ಹುಡುಗಿ. ಹಾಜರಿ ಕೂಗಿದಾಗ ಬಿಟ್ಟರೆ ಬಾಯಿ ಬಿಡದವಳು.

"ಚಪ್ಪಲಿ ಹತ್ರ, ಮೇಡಂ. ಅದು ಕಂಡ್ರೆ ಅಪ್ಪ ಮನೇಲಿದಾರೆ ಅಂತ. ಬಾಗಿಲು ತಳ್ಳೋಕೆ ಭಯ ಆಗತ್ತೆ. ಅಮ್ಮ ಒಳಗಿಂದ ಕೈಸನ್ನೆ ಮಾಡೋವರೆಗೂ ಮೆಟ್ಟಿಲ ಮೇಲೇ ಕೂತಿರಬೇಕು."

ಮೇಡಂ ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಹೆಡ್‌ಮೇಷ್ಟ್ರ ದನಿ ಬಂತು. "ತಪ್ಪು, ತಪ್ಪು. ಕೂತ್ಕೊಳಮ್ಮ. ಇದು ತಂದೆ ಮೇಲಿನ ಗೌರವದ ಪದ್ಯ. ಪರೀಕ್ಷೇಲಿ ಹೀಗೆ ಬರೆದ್ರೆ ಸೊನ್ನೆ ಬರತ್ತೆ, ಅಷ್ಟೆ." ಹುಡುಗಿ ಕೂತಳು. ಕೂತವಳು ಬೆಲ್ಲು ಹೊಡೆಯುವವರೆಗೂ ತಲೆ ಎತ್ತಲಿಲ್ಲ.

ಬೆಲ್ಲಾದದ್ದೇ ತಡ, ಮೇಡಂ ಹೆಡ್‌ಮೇಷ್ಟ್ರ ಕೋಣೆಗೆ ನುಗ್ಗಿದರು.

"ಸರ್, ಆ ಮಗು ತನ್ನ ಮನೆ ಬಾಗಿಲು ತೆಗೆದು ತೋರಿಸ್ತು. ನೀವು ಅದನ್ನ ಅವಳ ಮುಖಕ್ಕೇ ಬಡಿದ್ರಿ!"

"ಮನೆ ವಿಷಯ ನಮಗ್ಯಾಕಮ್ಮಾ? ಗೌರವ ಅಂತ ಮೇಲಿನಿಂದ ಉತ್ತರ ಬಂದಿದೆ. ಅದನ್ನೇ ಕಲಿಸಿ, ಗೋಳು ತಪ್ಪತ್ತೆ."

"ಯಾರ ಗೋಳು ಸರ್? ನಿಮ್ಮದಾ, ಅವಳದಾ?" ಹೆಡ್‌ಮೇಷ್ಟ್ರು ಕನ್ನಡಕ ಒರೆಸತೊಡಗಿದರು. ಇಂಥವರಿಗೆ ಉತ್ತರ ಹೊಳೆಯದಾಗ ಕನ್ನಡಕವೇ ಕೊಳೆಯಾಗಿರುತ್ತದೆ, ಥೂ! ಮೇಡಂ ಕದ ದಡಾರನೆ ಎಳೆದುಕೊಂಡು ಹೊರಬಂದರು.

ಹೊರಗೆ ಗೋಡೆಗೆ ಒರಗಿ ಆ ಹುಡುಗಿಯೇ ನಿಂತಿದ್ದಳು, ಅಂಗಿಯ ತೋಳನ್ನು ಮಣಿಕಟ್ಟಿನವರೆಗೆ ಎಳೆದುಕೊಳ್ಳುತ್ತ.

"ಮೇಡಂ, ಸರ್ ಹೇಳಿದ್ದು ನಿಜಾನಾ?"

"ಯಾವುದೇ?"

"ನಮ್ಮನೇಲಿ ಆಗೋದು… ಅದು ಗೌರವಾನಾ?"

ಗುಡುಗು ಮೇಡಂ ಅವಳ ಮುಖದ ಮಟ್ಟಕ್ಕೆ ಬಗ್ಗಿದರು. ಸಿಟ್ಟು ಇಳಿದಿರಲಿಲ್ಲ, ದನಿ ಮಾತ್ರ ಇಳಿದಿತ್ತು. "ಅಲ್ಲ ಕಣೇ," ಎಂದರು. "ನೀನು ಓದಿದ್ದೇ ಸರಿ. ಅಷ್ಟು ಸರಿಯಾಗಿ ಆ ಪದ್ಯಾನ ನಾನೂ ಓದಿರಲಿಲ್ಲ. ನಡಿ, ನಿಮ್ಮನೆಗೆ ಹೋಗೋಣ."

"ಬೇಡ ಮೇಡಂ. ಚಪ್ಪಲಿ ಇದ್ರೆ?"

"ಇದ್ರೆ ಒಳ್ಳೇದೇ ಆಯ್ತು."

ದಾರಿಯಲ್ಲಿ ಗಂಡನಿಗೆ ಫೋನು ಮಾಡಿ ಆ ಬೀದಿಯ ಗುರುತು ಹೇಳಿದರು. "ಬೇಗ ಬಾ. ಕೋಪಾನ ಇವತ್ತು ಮನೆಗೆ ತರ್ತಿಲ್ಲ, ಬೇರೆ ಕಡೆ ತಗೊಂಡು ಹೋಗ್ತಿದೀನಿ." "ಬಂದೆ," ಎಂದು ಅವನು ಹೊರಟ.

ಚಪ್ಪಲಿ ಇತ್ತು. ದೊಡ್ಡದು, ಹಿಮ್ಮಡಿಯ ಕಡೆ ಸವೆದದ್ದು. ಅದನ್ನು ಕಂಡದ್ದೇ ಹುಡುಗಿಯ ಕಾಲು ತಾನಾಗಿ ಮೆಟ್ಟಿಲ ಅಂಚಿಗೆ ಸರಿದು, ಅವಳು ಅಲ್ಲೇ ಕುಕ್ಕರಿಸಿದಳು. ದಿನಾ ಕೂರುವ ಜಾಗವಿರಬೇಕು.

"ಏಳು," ಎಂದರು ಮೇಡಂ. ತಮ್ಮ ಚಪ್ಪಲಿಯನ್ನು ಆ ಚಪ್ಪಲಿಯ ಪಕ್ಕದಲ್ಲೇ ಬಿಟ್ಟು, ಅವಳ ಕೈ ಹಿಡಿದುಕೊಂಡು ಬಾಗಿಲು ಬಡಿದರು. ಮೆಲ್ಲಗಂತೂ ಬಡಿಯಲಿಲ್ಲ.