ಗಾಜಿನ ಮುಚ್ಚಳ

೧೯೬೬ರಲ್ಲಿ ನಾನು ಸಿರಾದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಒಂದು ಕಡೆ ಕಾಲು ನಿಲ್ಲದ ಮನುಷ್ಯ. ಭೂಮಿಯ ಮೊದಲ ಜೀವಿಗಳ ಪಾಠ ನಡೆದಿತ್ತು. ಆಗ ಆಕಾಶದಲ್ಲಿ ಓಝೋನ್ ಪದರ ಇರಲಿಲ್ಲ, ಬಿಸಿಲಿನ ಅಲ್ಟ್ರಾವಯೊಲೆಟ್ ಕಿರಣ ನೇರ ಬೀಳುತ್ತಿತ್ತು, ಸಮುದ್ರದ ಮೇಲ್ಮೈಯಲ್ಲಿ ಸೂಕ್ಷ್ಮಜೀವಿಗಳು ಉಳಿಯುವುದೇ ಕಷ್ಟ, ಆಳದಲ್ಲಿದ್ದವು ಬದುಕಿದವು ಎಂದರೆ ಮಕ್ಕಳು ನಂಬಲಿಲ್ಲ. ತೋರಿಸಿಯೇ ಬಿಡುತ್ತೇನೆ ಎಂದು ಬೆಂಗಳೂರಿನ ಗೆಳೆಯನಿಂದ ಆ ಕಿರಣ ಬೀರುವ ದೀಪವನ್ನು ಎರವಲು ತಂದೆ.

ಸೂಕ್ಷ್ಮಜೀವಿ ಬೆಳೆಯಲು ಅಗರ್ ಎಂಬ ಗಟ್ಟಿ ಗಂಜಿ ಹಾಕಿದ ಎರಡು ಗಾಜಿನ ತಟ್ಟೆಗಳಿಗೆ ಕಳ್ಳಂಬೆಳ್ಳ ಕೆರೆಯ ನೀರು ಸವರಿದೆ. ಒಂದನ್ನು ಅರ್ಧ ಗಂಟೆ ದೀಪದ ಕೆಳಗಿಟ್ಟು ಕಾಯುವ ಕೆಲಸ ಅಟೆಂಡರ್ ಬುಡೇನ್ ಸಾಬರದು. ಎಂಟು ವರ್ಷದಿಂದ ಹಂಗಾಮಿಯಾಗಿದ್ದವರು. ಆ ವಾರ ನನ್ನ ವರದಿ ಚೆನ್ನಾಗಿ ಹೋದರೆ ನೌಕರಿ ಕಾಯಂ. ನಾನು ಹತ್ತು ನಿಮಿಷ ನಿಂತು ಹೊರಟುಬಿಟ್ಟೆ.

ಮರುದಿನ ಸಾಬರು ಕೆಂಗಣ್ಣು ಉಜ್ಜಿಕೊಳ್ಳುತ್ತ ಬಂದರು. "ಕಣ್ಣಿಗೆ ಮರಳು ಸುರಿದಂಗಾಗೈತೆ ಮೇಷ್ಟ್ರೇ," ಎಂದರು. ಇನ್ನೊಂದು ದಿನ ಬಿಟ್ಟು ನೋಡಿದರೆ ಎರಡೂ ತಟ್ಟೆಗಳ ತುಂಬ ಸೂಕ್ಷ್ಮಜೀವಿಗಳ ಚುಕ್ಕೆ. ದೀಪದ ಕೆಳಗಿಟ್ಟದ್ದು ಖಾಲಿ ಇರಬೇಕಿತ್ತು. ಮಕ್ಕಳು ಕಿಸಕ್ಕೆಂದರು. ನನಗೆ ಮೈಯೆಲ್ಲ ಉರಿದುಹೋಯಿತು.

"ದೀಪ ಆರಿಸಿ ಮಲಗಿಬಿಟ್ರಾ ಸಾಬ್ರೇ?"

"ಕಸಂ ಮೇಷ್ಟ್ರೇ, ದೀಪ ಬುಟ್ಟು ಅಲ್ಲಾಡಿಲ್ಲ. ತಟ್ಟೆ ಮುಚ್ಚಳಾನೂ ತೆಗ್ದಿಲ್ಲ, ನೀವು ಹೇಳ್ದಂಗೇ ಮುಚ್ಚಿತ್ತು."

ಕಿವಿಗೇ ಹಾಕಿಕೊಳ್ಳಲಿಲ್ಲ. ನಂಬಿಕೆಗೆ ಅರ್ಹರಲ್ಲ ಎಂದು ವರದಿ ಬರೆದು ಹೆಡ್ಮಾಸ್ಟರಿಗೆ ಕೊಟ್ಟೆ. ಬೆಳಗಿನ ಬಸ್ಸಿಗೆ ಅದನ್ನವರು ತುಮಕೂರಿನ ಕಚೇರಿಗೆ ಒಯ್ಯುವವರಿದ್ದರು.

ಬೆಳಿಗ್ಗೆ ಕನ್ನಡಕ ಒರೆಸುತ್ತಿದ್ದ ಕೈ ನಿಂತುಹೋಯಿತು. ಅದೇ ದೀಪದ ಮುಂದೆ ನಾನೂ ನಿಂತಿದ್ದೆ, ನನ್ನ ಕಣ್ಣು ಕೆಂಪಾಗಿರಲಿಲ್ಲ. ಗಾಜು ಆ ಕಿರಣವನ್ನು ತಡೆಯುತ್ತದೆ. ತಟ್ಟೆಯ ಮುಚ್ಚಳವೂ ಗಾಜಿನದೇ. ಧೂಳು ಬೀಳುತ್ತದೆ, ಯಾವತ್ತೂ ತೆರೆದಿಡಬೇಡಿ ಎಂದು ಅವರಿಗೆ ದಿನಾ ಗದರುತ್ತಿದ್ದವನು ನಾನು. ಕೆಂಗಣ್ಣು ನಿದ್ದೆಯದಲ್ಲ, ದೀಪ ಕಾದದ್ದಕ್ಕೆ ಸಿಕ್ಕ ಕೂಲಿ.

ಚಪ್ಪಲಿಯನ್ನೂ ಮೆಟ್ಟದೆ ಬಸ್‌ಸ್ಟ್ಯಾಂಡಿಗೆ ಓಡಿದೆ. ಹೆಡ್ಮಾಸ್ಟರು ಕಿಟಕಿ ಪಕ್ಕ ಕೂತಿದ್ದರು. ವರದಿ ವಾಪಸು ಪಡೆದು ಹರಿದೆ. ತಪ್ಪು ನನ್ನದು, ಸಾಬರು ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವವರು ಎಂದು ಅಲ್ಲೇ ಬರೆದುಕೊಟ್ಟೆ. ಡ್ರೈವರ್ ಬೈಯುತ್ತಲೇ ಕಾದ.

ಮುಚ್ಚಳದ ಕಥೆ ಹೇಳಿ ಸಾಬರಲ್ಲಿ ಕ್ಷಮೆ ಕೇಳಿದೆ. ಅವರು ಕೇಳಿದ್ದೇ ಬೇರೆ. "ಆ ಕಾಲ್ದಾಗೆ ಸಮುದ್ರಕ್ಕೆ ಮುಚ್ಚಳ ಯಾವ್ದಿತ್ತು ಮೇಷ್ಟ್ರೇ?"

"ಮೇಲಿನ ನೀರೇ, ಸಾಬ್ರೇ."

ಆಮೇಲೆ ಯಾರ ಮೇಲೆ ವರದಿ ಬರೆಯಬೇಕಾದರೂ, ಅವರಿಗೆ ನಾನು ಏನು ಹೇಳಿದ್ದೆ ಎಂದು ಮೊದಲು ನೆನೆಸಿಕೊಳ್ಳುತ್ತಿದ್ದೆ. ಅವತ್ತು ಮುಚ್ಚಳ ತೆಗೆದು ಮತ್ತೆ ದೀಪ ಹಚ್ಚುವ ಮೊದಲು, ನನ್ನ ಕನ್ನಡಕ ಬಿಚ್ಚಿ ಸಾಬರಿಗೆ ತೊಡಿಸಿ ನಾನು ಬಾಗಿಲಾಚೆ ನಿಂತೆ.

"ಇದ್ರಾಗೆ ಏನೂ ನೆಟ್ಟಗೆ ಕಾಣಕಿಲ್ಲ ಮೇಷ್ಟ್ರೇ."

"ಹಾಕ್ಕೊಂಡಿದ್ದ ನನಗೂ ಕಂಡಿರಲಿಲ್ಲ," ಎಂದೆ.