ಅಪ್ಪನಿಗೆ ಮಾತ್ರ ಕೇಳಿಸಿದ ಟಿಂಗ್ ಟಿಂಗ್

ಅಪ್ಪನ ಫೋರ್ ವೀಲ್ ಡ್ರೈವ್ ಗಾಡಿ ಆಗಾಗ ಟಿಂಗ್ ಟಿಂಗ್ ಅನ್ನುತ್ತದೆ ಎಂದು ಅಪ್ಪ ಹೇಳತೊಡಗಿ ಎರಡು ತಿಂಗಳಾಗಿತ್ತು. ಅಪ್ಪನನ್ನು ಬಿಟ್ಟು ಮನೆಯಲ್ಲಿ ಬೇರೆ ಯಾರಿಗೂ ಆ ಸದ್ದು ಕೇಳಿಸಿರಲಿಲ್ಲ. ಚಿಕ್ಕಬಾಣಾವರದಿಂದ ಪೀಣ್ಯದ ನನ್ನ ಫ್ಯಾಕ್ಟರಿವರೆಗೆ ಅಪ್ಪನ ಪಕ್ಕದಲ್ಲೇ ಎಷ್ಟೋ ಸಲ ಕೂತು ಹೋದೆ, ಗಾಡಿ ತುಟಿಪಿಟಕ್ ಎನ್ನಲಿಲ್ಲ. ಸರ್ವಿಸ್ ಸೆಂಟರಿನವರು ಕಂಪ್ಯೂಟರ್ ಜೋಡಿಸಿ ನೋಡಿ, ರಿಂಗ್ ರೋಡಿನಲ್ಲಿ ಒಂದು ಸುತ್ತು ಹೊಡೆದು, "ಏನೂ ಇಲ್ಲ ಮೇಡಂ" ಎಂದು ಕೈತೊಳೆದುಕೊಂಡರು.

ಫ್ಯಾಕ್ಟರಿಯಲ್ಲಿ ನನ್ನದು ತಪಾಸಣೆಯ ಕೆಲಸ. ಅಳತೆಯ ಗೇಜಿಗೆ ಸಿಗದಿದ್ದನ್ನು ನಂಬುವವಳಲ್ಲ, ಸಾಲದ್ದಕ್ಕೆ ಸಿಡುಕಿ. ಆದರೆ ಈ ವಿಷಯದಲ್ಲಿ ನನಗೆ ಸಿಡುಕಿಗಿಂತ ಹೆದರಿಕೆಯೇ ಹೆಚ್ಚಾಗಿತ್ತು. ನಮ್ಮಜ್ಜಿಗೆ, ಅಂದರೆ ಅಪ್ಪನ ತಾಯಿಗೆ, ಕೊನೆಗಾಲದಲ್ಲಿ ಯಾರಿಗೂ ಕೇಳದ ಗಂಟೆ ಕೇಳಿಸುತ್ತಿತ್ತು. ಆಮೇಲೆ ಒಬ್ಬೊಬ್ಬರನ್ನೇ ಮರೆಯುತ್ತ ಬಂದಳು, ಕಡೆಗೆ ಅಪ್ಪನನ್ನೂ. ಎಪ್ಪತ್ತು ದಾಟಿದ ಅಪ್ಪನಿಗೂ ಅದೇ ಶುರುವಾಯಿತೆಂದು ಅಮ್ಮನೂ ನಾನೂ ಅಡುಗೆಮನೆಯಲ್ಲಿ ಗುಸುಗುಸು ಮಾತಾಡಿಕೊಂಡೆವು. ಇನ್ನೊಂದೇ ಒಂದು ಕಡೆ ತೋರಿಸುವುದು, ಅಲ್ಲೂ ಏನೂ ಸಿಗದಿದ್ದರೆ ಗಾಡಿಯ ಕೀ ಕಿತ್ತಿಟ್ಟುಕೊಂಡು ಅಪ್ಪನನ್ನು ಡಾಕ್ಟರ ಹತ್ತಿರ ಕರೆದೊಯ್ಯುವುದು ಎಂದು ತೀರ್ಮಾನ ಮಾಡಿದೆವು.

ಆ ಇನ್ನೊಂದು ಕಡೆ ರಾಜಗೋಪಾಲನಗರದ ವೈರಿಂಗ್ ಅಂಗಡಿ. ನಡೆಸುವವರು ಕೊಪ್ಪಳ ಕಡೆಯ ಹೆಂಗಸು. ಏಳೆಂಟು ವರ್ಷ ಪೀಣ್ಯದಲ್ಲಿ ಗಾಡಿಗಳಿಗೆ ವೈರು ಜೋಡಿಸುವ ಕೆಲಸ ಮಾಡಿ, ಈಗ ಸ್ವಂತ ಅಂಗಡಿ ಇಟ್ಟುಕೊಂಡಿದ್ದರು. ಅಪ್ಪ ಬಾಯಿ ತೆರೆಯುವ ಮೊದಲೇ ನಾನು ಎಲ್ಲವನ್ನೂ ಹೇಳಲು ಶುರುಹಚ್ಚಿಕೊಂಡೆ. ಆಕೆ ಕೈ ಅಡ್ಡ ಹಿಡಿದರು.

"ಗಾಡಿ ಓಡ್ಸೋರು ಅವ್ರಲ್ರಿ ಅಕ್ಕಾರ? ಅವ್ರ ಹೇಳ್ಲಿ ತಡೀರಿ."

ನನಗೆ ಕೋಪ ಮೂಗಿನ ತುದಿಗೇ ಬಂತು. ಆಕೆ ಅಪ್ಪನ ಕಡೆ ತಿರುಗಿ, ಸಪ್ಪಳ ಎಲ್ಲಿ ಬರುತ್ತದೆಂದು ಕೇಳಿದರು. "ಇಲ್ಲೇ, ರೋಡ್‌ನಾಗೆ" ಎಂದು ಅಪ್ಪ ಎತ್ತಲೋ ನೋಡಿದ.

ಆಕೆ ಮೀಟರು ಮುಟ್ಟಲಿಲ್ಲ, ಒಂದು ಸ್ಕ್ರೂ ಕೂಡ ಬಿಚ್ಚಲಿಲ್ಲ. ಗಾಡಿಯನ್ನು ಒಂದು ಸುತ್ತು ಬಂದು, ಮುಂದಿನ ಬಂಪರಿನ ಕೆಳಗೆ ಕೈಹಾಕಿ ಒಂದು ಹಿಡಿ ಒಣಮಣ್ಣು ಕಿತ್ತರು. ಅದರಲ್ಲಿ ಹುಲ್ಲಿನ ಬೇರಿತ್ತು. ಹಿಂದಿನ ಬಂಪರು ಚೊಕ್ಕವಾಗಿತ್ತು.

"ಮೂತಿ ಬಗ್ಗಿಸಿ ಎಲ್ಲೋ ಇಳೀತೈತ್ರಿ ಇದು. ಎಲ್ಲಿ ಇಳಸ್ತೀರಿ ಯಜಮಾನ್ರ?"

ಅಪ್ಪನ ಮುಖ ಕದ್ದು ಸಿಕ್ಕಿಬಿದ್ದವರ ಮುಖದಂತಾಯಿತು. ನಮ್ಮ ಜಮೀನೆಲ್ಲ ಬಾಡಿಗೆ ಮನೆಗಳಾಗಿ, ಕೆರೆ ಏರಿಯ ಕೆಳಗೆ ಒಂದು ತುಂಡು ಮಾತ್ರ ಉಳಿದಿದೆ. ಕಳೆದ ವರ್ಷ ಅಪ್ಪ ಅಲ್ಲಿ ಜಾರಿಬಿದ್ದ ಮೇಲೆ, ಇನ್ನು ಅತ್ತ ತಲೆಹಾಕುವುದಿಲ್ಲವೆಂದು ಅಮ್ಮ ಆಣೆ ಮಾಡಿಸಿಕೊಂಡಿದ್ದಳು. ದಿನಾ ಬೆಳಿಗ್ಗೆ ಪೇಪರ್ ತರುತ್ತೇನೆಂದು ಹೊರಟ ಅಪ್ಪ ನೇರ ಗಾಡಿಯನ್ನೇ ಅಲ್ಲಿಗೆ ಇಳಿಸುತ್ತಿದ್ದನಂತೆ. "ಎರಡ್ ಸಾಲು ಅವರೆ ಆಕಿವ್ನಿ, ಅಷ್ಟೇಯ" ಎಂದ.

ಆಕೆ ನಗಲಿಲ್ಲ. ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಇಳಿಸಿ, ಕೀ ಆನ್ ಮಾಡಿಟ್ಟು, ಹಿಂದಿನ ಆಕ್ಸಲ್ಲಿನ ನಡುವೆ ಜ್ಯಾಕ್ ಇಟ್ಟು ಎತ್ತತೊಡಗಿದರು. ಗಾಡಿಯ ಬೆನ್ನು ಮೇಲೇರಿತು, ಮೂತಿ ಬಗ್ಗಿತು. ಸಮತಟ್ಟಾದ ಬೀದಿಯಲ್ಲೇ ನಮ್ಮ ಏರಿಯ ಇಳಿಜಾರು ಮಾಡುತ್ತಿದ್ದಾರೆಂದು ನನಗೆ ಹೊಳೆಯುವಷ್ಟರಲ್ಲಿ, ಟಿಂಗ್ ಟಿಂಗ್ ಟಿಂಗ್!

ಬ್ರೇಕ್ ಆಯಿಲ್ ಡಬ್ಬಿಯೊಳಗೆ ತೇಲುವ ಬಿಲ್ಲೆಯೊಂದಿದೆಯಂತೆ. ಆಯಿಲ್ ತಗ್ಗಿದರೆ ಬಿಲ್ಲೆ ಇಳಿದು ಸದ್ದು ಮಾಡಿಸುತ್ತದೆ. ನಮ್ಮದರಲ್ಲಿ ಆಯಿಲ್ ಗೆರೆಗಿಂತ ಕೂದಲೆಳೆಯಷ್ಟು ಮೇಲಿದ್ದುದರಿಂದ, ರಸ್ತೆಯಲ್ಲಿ ಸುಮ್ಮನಿದ್ದು, ಇಳಿಜಾರಿನಲ್ಲಿ ಆಯಿಲ್ ಮುಂದಕ್ಕೆ ಸರಿದಾಗ ಮಾತ್ರ ಕೂಗುತ್ತಿತ್ತು. ಕೆಂಪು ದೀಪವೂ ಹತ್ತುತ್ತಿತ್ತು, ಆದರೆ ಅಪ್ಪನ ಕಣ್ಣು ಆಗೆಲ್ಲ ದಾರಿಯ ಮೇಲೆ. ಆಕೆ ಹಿಂದಿನ ಎಡಚಕ್ರ ಬಿಚ್ಚಿ, ಆಯಿಲ್ ಜಿನುಗುವ ಜಾಗ ತೋರಿಸಿದರು.

"ಇನ್ನ ಸ್ವಲ್ಪ ದಿನ ಬಿಟ್ಟಿದ್ರ ಆ ಇಳಿಜಾರ್‌ದಾಗ ಬ್ರೇಕ್ ಹಿಡೀತಿದ್ದಿಲ್ರಿ. ಯಜಮಾನ್ರ ಕಿವಿ ಚಲೋ ಅದಾವ."

ನಾನು ಎಷ್ಟೋ ಎಂಜಿನಿಯರುಗಳ ಜೊತೆ ಕೆಲಸ ಮಾಡಿದ್ದೇನೆ. ತಮಗೆ ಕೇಳದ ಸದ್ದು ಇದ್ದೇ ಇದೆಯೆಂದು ನಂಬಿ ಹುಡುಕಲು ಹೊರಟವರನ್ನು ಕಂಡದ್ದು ಅವತ್ತೇ. ಆಕೆಯ ಕೈ ಹಿಡಿದುಕೊಳ್ಳಬೇಕೆನಿಸಿತು, ಹಿಡಿದುಕೊಂಡೆ. "ಅಯ್ಯ, ಮಸಿ ಹತ್ತತೈತ್ರಿ" ಎಂದು ಆಗ ನಕ್ಕರು.

ಆ ಚಕ್ರದ ಬ್ರೇಕಿನೊಳಗಿನ ರಬ್ಬರು ಬದಲಿಸಿ, ಆಯಿಲ್ ತುಂಬಿಸಿಕೊಂಡು ಹೊರಟಾಗ ಮಧ್ಯಾಹ್ನವಾಗಿತ್ತು. ಕೀ ಕಿತ್ತಿಟ್ಟುಕೊಳ್ಳುವ ನಮ್ಮ ತೀರ್ಮಾನವನ್ನು ದಾರಿಯಲ್ಲಿ ಅಪ್ಪನಿಗೆ ಹೇಳಿಬಿಟ್ಟೆ. ತಪ್ಪಾಯಿತು ಎಂದೆ. ಬೈಯುತ್ತಾನೆ ಅಂದುಕೊಂಡಿದ್ದೆ. ಅಪ್ಪ ಗೇರು ಬದಲಿಸಿ ಸಿಗ್ನಲ್ ದಾಟಿಸಿದ.

"ನಿಮಗ್ಯಾರ್ಗೂ ಕೇಳಿಸ್ನಿಲ್ಲ ಅಂದ್ಮೇಲೆ ನಂಗೂ ನಮ್ಮವ್ವನಂಗೇ ಆಯ್ತೇನೋ ಅನ್ನಿಸ್ಬುಟ್ಟಿತ್ತು ಕಣಮ್ಮ" ಎಂದ. "ದಿನಾ ಮಲಗೋ ಮುಂಚೆ ನಿಮ್ಮೆಲ್ರ ಎಸ್ರೂ ಒಂದ್ಸಲ ಏಳ್ಕೊಂತಿದ್ದೆ, ಯಾವ್ದೂ ಮರ್ತಿಲ್ಲ ತಾನೆ ಅಂತ."